ಸೆಟ್ಟು ನಿಲ್ಲುವುದು ಉಗುಳಿನಿಂದ

ಮೂವತ್ತೆರಡು ವರ್ಷ ನಾನು ಹಲ್ಲಿನ ಸೆಟ್ಟು ಮಾಡಿದೆ. ಅದರಲ್ಲಿ ಮೊದಲ ಹದಿನೈದು ವರ್ಷ, ಸೆಟ್ಟು ಬಾಯಲ್ಲಿ ನಿಲ್ಲುವುದು ನನ್ನ ಕೈಗುಣದಿಂದ ಅಂತ ನಂಬಿಕೊಂಡಿದ್ದೆ. ಅದು ನಿಲ್ಲುವುದು ಉಗುಳಿನಿಂದ. ಎರಡು ಗಾಜಿನ ಚೂರಿನ ನಡುವೆ ಒಂದು ತೊಟ್ಟು ನೀರು ಬಿಟ್ಟು ಒತ್ತಿದರೆ ಹೇಗೆ ಅಂಟಿಕೊಳ್ಳುತ್ತವೋ, ಹಾಗೆ ಅಂಗುಳಕ್ಕೂ ಸೆಟ್ಟಿಗೂ ನಡುವೆ ಒಂದು ತೆಳುವಾದ ಪಸೆ ಬೇಕು. ಆ ಪಸೆ ಇಲ್ಲದ ಬಾಯಿಗೆ ಚಿನ್ನದಲ್ಲಿ ಸೆಟ್ಟು ಮಾಡಿಟ್ಟರೂ ಬಿದ್ದುಹೋಗುತ್ತದೆ.

ಹೋದ ವರ್ಷ ಕೆಲಸ ಬಿಟ್ಟು ತರೀಕೆರೆಯ ಮನೆಯಲ್ಲಿ ಕೂತಿದ್ದೇನೆ. ನಮ್ಮ ಕ್ಲಿನಿಕ್ಕಿಗೆ ಹೊಸದಾಗಿ ಇಬ್ಬರು ಹುಡುಗಿಯರು ಸೇರಿದ್ದಾರಂತೆ. ಡಾಕ್ಟರ್ ಶ್ರುತಿ ಮೇಡಂ ಫೋನ್ ಮಾಡಿ, "ಖಾದರ್ ಅಂಕಲ್, ಅವರಿಗೆ ಏನಾದ್ರೂ ಬರ್ದುಕೊಡಿ. ಪುಸ್ತಕದಲ್ಲಿ ಇರೋದು ಬೇಡ, ಅದು ಅವರಿಗೆ ಬಾಯಿಪಾಠ ಆಗಿದೆ" ಅಂದರು. ಅದಕ್ಕೇ ಇದು.

ನಾನು ಈ ಕೆಲಸಕ್ಕೆ ಬಂದದ್ದು ಬೀಗದ ಕೈಯಿಂದ. ನಮ್ಮಪ್ಪ ಬಸ್ ಸ್ಟ್ಯಾಂಡ್ ಹತ್ತಿರ ಬೀಗ, ಛತ್ರಿ, ಸ್ಟೌ ರಿಪೇರಿ ಮಾಡುತ್ತಿದ್ದರು. ಒಂದು ದಿನ ಹಲ್ಲಿನ ಡಾಕ್ಟರು ನಾಗಭೂಷಣ ಅವರು ಬೀರುವಿನ ಕೀಲಿ ಕಳೆದುಕೊಂಡು ಬಂದರು. ಅಪ್ಪ ಊಟಕ್ಕೆ ಹೋಗಿದ್ದರಿಂದ ನಾನೇ ಅರ ಹಿಡಿದು ಹೊಸ ಕೀಲಿ ಉಜ್ಜಿಕೊಟ್ಟೆ. ಡಾಕ್ಟರು ಕೀಲಿ ನೋಡಲಿಲ್ಲ. ನನ್ನ ಬೆರಳನ್ನೇ ನೋಡುತ್ತಾ, "ಹಲ್ಲು ಮಾಡ್ತೀಯೇನಪ್ಪಾ?" ಅಂದರು. ಶಿವಮೊಗ್ಗದ ಒಂದು ಲ್ಯಾಬಿನಲ್ಲಿ ಎರಡು ವರ್ಷ ಕಲಿತು ಬಂದೆ. ಆಮೇಲೆ ಡಾಕ್ಟರ ಜೊತೆ ಸೋಮವಾರ ಕಡೂರು, ಶುಕ್ರವಾರ ಅಜ್ಜಂಪುರ, ಉಳಿದ ದಿನ ತರೀಕೆರೆ. ಒಂದು ಟ್ರಂಕಿನಲ್ಲಿ ಪ್ಲಾಸ್ಟರ್, ಮೇಣ, ಸ್ಪಿರಿಟ್ ದೀಪ. ಇನ್ನೊಂದು ಚೀಲದಲ್ಲಿ ಜನರ ಹಲ್ಲು. ಬಸ್ಸಿನಲ್ಲಿ ಆ ಚೀಲವನ್ನು ಯಾರೂ ತೊಡೆ ಮೇಲೆ ಇಟ್ಟುಕೊಳ್ಳುತ್ತಿರಲಿಲ್ಲ.

ನಾಗಭೂಷಣ ಡಾಕ್ಟರು ಒಳ್ಳೆಯವರು. ಹಲ್ಲು ಕೀಳುವಾಗ ರೋಗಿಗಿಂತ ಮೊದಲು ಅವರೇ "ಅಮ್ಮಾ" ಅನ್ನುತ್ತಿದ್ದರು. ಅವರಿಗೆ ಒಂದೇ ಒಂದು ಹುಚ್ಚು, ರಸ್ಕು. ವಯಸ್ಸಾದವರ ಬಾಯಿ ಒಣಗಿದೆಯೋ ಇಲ್ಲವೋ ತಿಳಿಯಬೇಕಾದರೆ ನೀರಿಲ್ಲದೆ ಒಂದು ರಸ್ಕು ತಿನ್ನಿಸಿ ನೋಡಬೇಕು ಅಂತ ಎಲ್ಲೋ ಓದಿದ್ದರು. ಅರವತ್ತು ದಾಟಿದ ಪ್ರತಿಯೊಬ್ಬರಿಗೂ ಒಂದು ತಟ್ಟೆ, ಅದರಲ್ಲಿ ಒಂದು ರಸ್ಕು. ಅವರು ಒಳಗೆ ಬೇರೆ ರೋಗಿ ನೋಡಿ ಬರುವಷ್ಟರಲ್ಲಿ ತಟ್ಟೆ ಖಾಲಿಯಾಗಿದ್ದರೆ, ಕಾರ್ಡಿನ ಮೇಲೆ "ಉಗುಳು ಸರಿ ಇದೆ" ಅಂತ ಬರೆಯುತ್ತಿದ್ದರು.

ಅಜ್ಜಂಪುರದಲ್ಲಿ ಇದರ ಸುದ್ದಿ ಹಬ್ಬಿತು. ಇಬ್ಬರು ಭಾವ–ಭಾವಮೈದುನ ಅಜ್ಜಂದಿರು ಪ್ರತಿ ಶುಕ್ರವಾರ ಹತ್ತು ಗಂಟೆಗೆ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. "ಬಾಯಿ ಒಣಗ್ತದೆ ಡಾಕ್ಟ್ರೇ" ಅನ್ನುವಾಗ ಅವರ ಬಾಯಿಂದ ಎಲೆ ಅಡಿಕೆ ರಸ ಜಿನುಗುತ್ತಿತ್ತು. ಒಂದು ರಸ್ಕು ತಿಂದು, "ಯಾಕೋ ಸರ್ಯಾಗಿ ಗೊತ್ತಾಗ್ತಿಲ್ಲ, ಇನ್ನೊಂದು ಕೊಡಿ ನೋಡಾಣ" ಅನ್ನುವರು. ಒಂದು ಶುಕ್ರವಾರ ಮನೆಯಿಂದ ಲೋಟ ತಂದಿದ್ದರು. ಡಾಕ್ಟರು ಕೇಳಿದ್ದಕ್ಕೆ ಹಿರಿಯವನು, "ಚಾ ಇಲ್ಲೇ ಕೊಡ್ತೀರೋ, ಹೋಟ್ಲಿಂದ ತರಿಸ್ಬೇಕೋ?" ಅಂದ.

ನಗುವ ವಿಷಯ ಅಲ್ಲಿಗೆ ಮುಗಿಯಿತು. ನಿಜವಾಗಿ ಬಾಯಿ ಒಣಗಿದವರು ಏನು ಮಾಡುತ್ತಿದ್ದರು ಅನ್ನುವುದು ನಮಗೆ ಹದಿನೈದು ವರ್ಷ ಗೊತ್ತಾಗಲಿಲ್ಲ.

ಸಿಂಗಟಗೆರೆಯ ಪುಟ್ಟತಾಯಮ್ಮ ಸೋಬಾನೆ ಹಾಡುವವರು. ಸುತ್ತಮುತ್ತ ಯಾರ ಮನೆಯ ಮದುವೆಯಾದರೂ ಅವರು ಬರಲೇಬೇಕು. ಅವರಿಗೆ ನಾನು ಮಾಡಿದ ಸೆಟ್ಟು ಮೂರು ವಾರ ನಿಂತಿತು, ನಾಲ್ಕನೇ ವಾರ ಬಿತ್ತು. ಒಳಗಡೆ ಉಜ್ಜಿ ಕೊಟ್ಟೆ. ಮತ್ತೆ ಬಿತ್ತು. ಹೊಸ ಅಳತೆ ತೆಗೆದು ಹೊಸದೇ ಮಾಡಿದೆ. ಅದು ಒಂದು ಮದುವೆಯಲ್ಲಿ, ಆರತಿ ಎತ್ತಿ ಹಾಡುತ್ತಿರುವಾಗ, ಸೀದಾ ಆರತಿ ತಟ್ಟೆಗೇ ಬಿತ್ತು. ಕುಂಕುಮದ ನೀರಿನಲ್ಲಿ ಮೇಲಿನ ದವಡೆ. ಮದುಮಗಳು ಕಿಟಾರನೆ ಕಿರುಚಿದಳಂತೆ.

ಪುಟ್ಟತಾಯಮ್ಮ ಮಾರನೆಯ ಸೋಮವಾರ ಕಡೂರಿಗೆ ಬಂದು ನನ್ನ ಮುಂದೆ ಸೆಟ್ಟು ಇಟ್ಟರು. ಅದಿನ್ನೂ ಕೆಂಪಗಿತ್ತು.

"ಸಾಬ್ರೇ, ಇನ್ನ ನಾನು ಹಾಡಾಕಿಲ್ಲ ಬುಡಿ" ಅಂದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ನಾಗಭೂಷಣ ಡಾಕ್ಟರು ಕಾರ್ಡು ತೆಗೆದು ನೋಡಿದರು. ಉಗುಳು ಸರಿ ಇದೆ ಅಂತ ಅವರದೇ ಅಕ್ಷರದಲ್ಲಿ ನಾಲ್ಕು ಸಲ ಬರೆದಿತ್ತು. ಹಾಗಾದರೆ ತಪ್ಪು ಪ್ಲಾಸ್ಟರಿನದು, ಇಲ್ಲವೇ ಖಾದರನದು. ಪ್ಲಾಸ್ಟರಿನ ಕಂಪನಿ ಬದಲಾಯಿಸಿದೆವು. ಒಟ್ಟು ಹನ್ನೊಂದು ಸಲ ಆ ಸೆಟ್ಟನ್ನು ಉಜ್ಜಿದೆ. ಕೊನೆಗೆ ಅದು ಹಪ್ಪಳದಷ್ಟು ತೆಳ್ಳಗಾಗಿ ಮುರಿದೇ ಹೋಯಿತು.

ಅದೇ ಸಮಯಕ್ಕೆ ಡಾಕ್ಟರ ಅಣ್ಣನ ಮಗಳು ಶ್ರುತಿ ಓದು ಮುಗಿಸಿ ನಮ್ಮಲ್ಲಿಗೆ ಬಂದರು. ಮೊದಲ ದಿನವೇ ಪುಟ್ಟತಾಯಮ್ಮನ ಬಾಯಿ ತೆಗೆಸಿ, ಹಲ್ಲು ನೋಡುವ ಚಿಕ್ಕ ಕನ್ನಡಿಯ ಬೆನ್ನನ್ನು ಕೆನ್ನೆಯ ಒಳಭಾಗಕ್ಕೆ ಒತ್ತಿ ಎಳೆದರು. ಕನ್ನಡಿ ಬರಲಿಲ್ಲ. ಕೆನ್ನೆಯೂ ಅದರ ಜೊತೆಗೆ ಬಂತು.

"ಅಂಕಲ್, ನೋಡಿ ಇಲ್ಲಿ. ಪಸೆ ಇರೋ ಬಾಯಲ್ಲಿ ಇದು ಜಾರ್ಬೇಕು. ಇಲ್ಲಿ ಅಂಟ್ತಾ ಇದೆ."

"ಆದ್ರೆ ರಸ್ಕು ತಿಂದವ್ರೆ ಮೇಡಂ, ನಾಲ್ಕು ಸಲ."

ಶ್ರುತಿ ಮೇಡಂ ಪುಟ್ಟತಾಯಮ್ಮನ ಕಡೆ ತಿರುಗಿದರು. "ಅಜ್ಜಿ, ನಿಜ ಹೇಳಿ. ರಸ್ಕು ತಿಂದ್ರಾ?"

ಪುಟ್ಟತಾಯಮ್ಮ ತಲೆ ತಗ್ಗಿಸಿ ಸೆರಗು ಹಿಡಿದು ತೋರಿಸಿದರು. "ಎಲ್ಲಿ ತಿನ್ನಾನವ್ವ? ಗಂಟ್ಲಲ್ಲಿ ಮರಳಂಗೆ ನಿಂತ್ಕತಿತ್ತು. ಡಾಕ್ಟ್ರು ಪ್ರೀತಿಯಿಂದ ಕೊಟ್ಟವ್ರೆ, ಬ್ಯಾಡ ಅಂದ್ರೆ ಬೇಜಾರಾಗ್ತಾರೆ ಅಂತ ಇದ್ರಲ್ಲಿ ಕಟ್ಕಂಡು ಹೋಗ್ತಿದ್ದೆ. ಮೊಮ್ಮಗೀಗೆ ಆಗ್ತಿತ್ತು."

ಆಮೇಲೆ ಹಳೆಯ ರೋಗಿಗಳನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿದೆವು. ಒಬ್ಬರು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಒಬ್ಬರು ಕಿಟಕಿಯಿಂದ ಆಚೆ ನಾಯಿಗೆ ಎಸೆಯುತ್ತಿದ್ದರು. ಕಡೂರಿನ ಕ್ಲಿನಿಕ್ಕಿನ ಹಿಂದೆ ಸೋಮವಾರ ಮಾತ್ರ ನಾಯಿಗಳು ಯಾಕೆ ಸೇರುತ್ತವೆ ಅಂತ ನಾವು ತಲೆ ಕೆಡಿಸಿಕೊಂಡಿದ್ದೆವು. ಬಾಯಿ ಚೆನ್ನಾಗಿದ್ದ ಕೆಲವರು ರಸ್ಕು ಉಳಿಸುತ್ತಿದ್ದರು, ಮನೆಯಲ್ಲಿ ತಿಂಡಿ ಆಗಿದೆ ಅಂತ. ಅವರ ಕಾರ್ಡಿನಲ್ಲಿ "ಬಾಯಿ ಒಣಗಿದೆ" ಅಂತ ಬರೆದಿತ್ತು. ನಾಗಭೂಷಣ ಡಾಕ್ಟರು ಇದನ್ನೆಲ್ಲ ಕೇಳಿ ಕುರ್ಚಿಯಲ್ಲಿ ಕೂತರು. ತಾವೇ ಒಂದು ರಸ್ಕು ತೆಗೆದು ತಿಂದರು. "ಇಷ್ಟು ವರ್ಷ ನಾನೂ ನೀರು ಕುಡ್ಕೊಂಡೇ ತಿಂತಿದ್ದೆ ಕಣೋ ಖಾದರ್" ಅಂದರು. ರಸ್ಕಿನ ಡಬ್ಬಿ ಮತ್ತೆ ಮೇಜಿನ ಮೇಲೆ ಬರಲಿಲ್ಲ.

ಶ್ರುತಿ ಮೇಡಂ ತಂದ ಬದಲಾವಣೆಗಳಲ್ಲಿ ಎಲ್ಲರೂ ಹೊಗಳುವುದು ಬಾಯಿಯ ಅಳತೆ ತೆಗೆಯುವ ಹೊಸ ಸ್ಕ್ಯಾನರನ್ನು. ಪ್ಲಾಸ್ಟರ್ ಕಲಸಿ ಕಲಸಿ ಸೀಳುಬಿಟ್ಟ ನನ್ನ ಕೈಗೆ ಅದೂ ದೊಡ್ಡದೇ. ಆದರೆ ನಾನು ದೊಡ್ಡದು ಅಂತ ಲೆಕ್ಕ ಇಡುವುದು ಮಾತ್ರೆ ಚೀಲವನ್ನು. "ಮನೇಲಿರೋ ಮಾತ್ರೆ ಎಲ್ಲಾ ಒಂದು ಚೀಲಕ್ಕೆ ಹಾಕ್ಕೊಂಡು ಬನ್ನಿ" ಅಂತ ಪ್ರತಿ ವಯಸ್ಸಾದವರಿಗೂ ಹೇಳುತ್ತಿದ್ದರು. ಪುಟ್ಟತಾಯಮ್ಮ ತಂದ ಚೀಲದಲ್ಲಿ ಮೂರು ಊರಿನ ಮೂವರು ಡಾಕ್ಟರು ಕೊಟ್ಟ ಮಾತ್ರೆಗಳಿದ್ದವು. ಮೈ ತುರಿಕೆಗೆ ಒಂದು, ಶೀತಕ್ಕೆ ಒಂದು. ಹೆಸರು ಬೇರೆ, ಒಳಗಿನ ಔಷಧಿ ಒಂದೇ. ಜೊತೆಗೆ ಮೂತ್ರ ತಡೆಯಲು ಒಂದು. ಇವೆಲ್ಲ ಸೇರಿ ಉಗುಳನ್ನೂ ತಡೆದಿದ್ದವು. ಮೇಡಂ ದೊಡ್ಡಾಸ್ಪತ್ರೆಯ ಡಾಕ್ಟರಿಗೆ ಕಾಗದ ಬರೆದರು, ಅವರು ಎರಡು ಮಾತ್ರೆ ನಿಲ್ಲಿಸಿ ಒಂದನ್ನು ಬದಲಾಯಿಸಿದರು. ಎರಡು ತಿಂಗಳಲ್ಲಿ ಪುಟ್ಟತಾಯಮ್ಮನ ಬಾಯಿ ಒದ್ದೆಯಾಯಿತು. ಮೂರನೇ ಸಲ ಮಾಡಿದ ಸೆಟ್ಟು ನಿಂತಿತು. ನನ್ನ ಮಗಳ ಮದುವೆಗೆ ಬಂದು, ನಮ್ಮವರ ಹೆಣ್ಣುಮಕ್ಕಳ ಢೋಲಕ್ಕಿನ ನಡುವೆ ಕೂತು ಒಂದು ಗಂಟೆ ಹಾಡಿದರು.

ಇಷ್ಟು ತಿಳಿದ ಮೇಲೆ ಜಂಬಕ್ಕೆ ನನ್ನ ತಲೆ ತಿರುಗಿತು. ಇದು ನಾನು ಮಾಡಿದ ದೊಡ್ಡ ತಪ್ಪಿನ ಕಥೆ, ಹುಡುಗಿಯರು ಗಮನ ಕೊಟ್ಟು ಓದಬೇಕು.

ನಮ್ಮ ಅತ್ತೆ, ಅಂದರೆ ನನ್ನ ಹೆಂಡತಿ ಶಮೀಮಳ ತಾಯಿ, ನಮ್ಮ ಜೊತೆಯಲ್ಲೇ ಇದ್ದರು. ಬಾಯಿ ಒಣಗುತ್ತದೆ, ರೊಟ್ಟಿ ಇಳಿಯುವುದಿಲ್ಲ ಅಂದರು. ನಾನು ಡಾಕ್ಟರ ಗತ್ತಿನಲ್ಲಿ ಕೂತು ಅವರ ಮಾತ್ರೆ ಚೀಲ ಸುರಿದೆ. ಬಿಪಿ ಮಾತ್ರೆಯೊಂದನ್ನು ಬೆಳಕಿಗೆ ಹಿಡಿದು, "ಇದೇ ನೋಡಿ ಕಳ್ಳ" ಅಂದೆ. ನಿಲ್ಲಿಸಿ ಅಂತ ನಾನು ಹೇಳಲಿಲ್ಲ. ಆದರೆ ಹಲ್ಲಿನ ಕ್ಲಿನಿಕ್ಕಿನ ಅಳಿಯ ಕಳ್ಳ ಅಂದ ಮೇಲೆ ಅವರು ಆ ಕಳ್ಳನನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಾರೆಯೇ? ಗುಟ್ಟಾಗಿ ತುಳಸಿ ಡಬ್ಬಿಗೆ, ಅಂದರೆ ನಾವು ಕೆಮ್ಮಿಗೆ ಅಂತ ಬೆಳೆಸಿದ ತುಳಸಿ ಗಿಡದ ಡಬ್ಬಿಗೆ, ದಿನಾ ಒಂದೊಂದು ಹಾಕಿದರು. ಹತ್ತನೇ ದಿನ ಬಚ್ಚಲಿನ ಹತ್ತಿರ ತಲೆ ಸುತ್ತಿ ಬಿದ್ದರು. ಬಲಗೈ ಮುರಿಯಿತು. ಆಸ್ಪತ್ರೆಯಲ್ಲಿ ಬಿಪಿ ನೋಡಿದ ನರ್ಸ್ ಎರಡು ಸಲ ನೋಡಿದರು, ಯಂತ್ರ ಕೆಟ್ಟಿದೆ ಅಂದುಕೊಂಡು.

ನಾನು ಕಿತ್ತಳೆ ಹಣ್ಣು ಹಿಡಿದು ವಾರ್ಡಿಗೆ ಹೋದರೆ ಶಮೀಮ ಬಾಗಿಲಲ್ಲೇ ತಡೆದಳು. "ನಕ್ಕೋ ಜೀ, ಒಳಗೆ ಬರಬೇಡಿ. ನಿಮ್ಮ ಕೆಲಸ ಹಲ್ಲು. ನಮ್ಮ ಅಮ್ಮಿ ಅಲ್ಲ." ಹದಿನೆಂಟು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಅತ್ತೆ ವಾಸಿಯಾದರು, ಕೈ ಮಾತ್ರ ಪೂರ್ತಿ ಮಡಿಚಲಾಗುತ್ತಿರಲಿಲ್ಲ. ಅವರು ಇರುವವರೆಗೂ ಎಡಗೈಯಲ್ಲಿ ತಸ್ಬಿಯ ಜಪಮಣಿ ಎಣಿಸುವುದನ್ನು ನೋಡುತ್ತಾ ನಾನು ಊಟ ಮಾಡಬೇಕಾಯಿತು.

ಬಾಯಿ ಒಣಗಿದ್ದು ಕಂಡರೆ ಡಾಕ್ಟರಿಗೆ ಹೇಳಿ. ಮಾತ್ರೆಯ ಮೇಲೆ ನೀವು ತೀರ್ಪು ಕೊಡಬೇಡಿ. ಇಷ್ಟೇ.

ಈಗ ಹಿರೇನಲ್ಲೂರಿನ ಈಶ್ವರಪ್ಪನವರ ವಿಷಯಕ್ಕೆ ಬರುತ್ತೇನೆ. ಅದನ್ನು ಹೇಳಿದರೆ ಯಾರೂ ನಂಬುವುದಿಲ್ಲ, ಆದರೆ ನಾನು ಅಲ್ಲೇ ಇದ್ದೆ.

ಈಶ್ವರಪ್ಪನವರು ಕಡೂರಿನ ಕೊಬ್ಬರಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವರು. ಅವರು ಮಂಡಿಯಲ್ಲಿ ಕೂಗಿದರೆ ರೈಲ್ವೆ ಸ್ಟೇಷನ್ನಿನಲ್ಲಿ ಕೇಳುತ್ತಿತ್ತು ಅಂತ ಜನ ಹೇಳುತ್ತಿದ್ದರು. ಕೆಲಸ ಬಿಟ್ಟ ಮೇಲೆ ಊರಿನಲ್ಲಿ ಹೆಂಡತಿ ಗಂಗಮ್ಮ, ಮಗ, ಸೊಸೆ ಜೊತೆ ಇದ್ದರು. ಅವರ ಮೇಲಿನ ಸೆಟ್ಟು ಕೆಳಗಿನ ಸೆಟ್ಟು ಎರಡೂ ನಾನೇ ಮಾಡಿದ್ದು. ನಾಲ್ಕು ವರ್ಷ ಒಂದೂ ದೂರು ಇರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಗಂಗಮ್ಮ ಒಬ್ಬರೇ ಕಡೂರಿನ ಕ್ಲಿನಿಕ್ಕಿಗೆ ಬಂದರು. ಸೆರಗಿನ ಗಂಟು ಬಿಚ್ಚಿ ಎರಡೂ ಸೆಟ್ಟು ಮೇಜಿನ ಮೇಲೆ ಇಟ್ಟರು.

"ಸಾಬ್ರೇ, ಇದು ಬಾಯಲ್ಲಿ ನಿಲ್ತಾ ಇಲ್ಲ. ವಸಿ ಸರಿಮಾಡ್ಕೊಡಿ."

"ಅವರೇ ಬರ್ಬೇಕಲ್ಲಮ್ಮ. ಬಾಯಿ ಇಲ್ದೆ ಬರೀ ಹಲ್ಲು ನೋಡಿ ಏನು ಮಾಡ್ಲಿ?"

ಗಂಗಮ್ಮ ಆಚೆ ಈಚೆ ನೋಡಿ, ಮೆಲ್ಲಗೆ ಹೇಳಿದರು. "ಅವ್ರು ಬರಂಗಿಲ್ಲ ಸಾಬ್ರೇ. ಅವ್ರು ಸ್ವಾಮಿ ಆಗವ್ರೆ."

ನನಗೆ ಅರ್ಥವಾಗಲಿಲ್ಲ. ಗಂಗಮ್ಮ ಕೂತು ಎಲ್ಲ ಹೇಳಿದರು. ನಾಲ್ಕು ತಿಂಗಳ ಹಿಂದೆ ಊರಿನ ಸಭೆಯಲ್ಲಿ ಚರಂಡಿ ವಿಷಯಕ್ಕೆ ಈಶ್ವರಪ್ಪ ಎದ್ದು ನಿಂತು ಕೂಗಾಡಿದರು. ಎರಡನೇ ಮಾತಿಗೇ ಮೇಲಿನ ಸೆಟ್ಟು ಹಾರಿ ಎದುರಿಗಿದ್ದವರ ಕಾಗದದ ಮೇಲೆ ಬಿತ್ತು. ಸಭೆಗೆ ಸಭೆಯೇ ನಕ್ಕಿತು. ಈಶ್ವರಪ್ಪ ಸೆಟ್ಟು ಎತ್ತಿಕೊಂಡು ಮನೆಗೆ ಬಂದವರು ಮತ್ತೆ ಹಾಕಿಕೊಳ್ಳಲಿಲ್ಲ. ಸೆಟ್ಟಿಲ್ಲದೆ ಮಾತು ತೊದಲುತ್ತಿತ್ತು, ಅದರ ಜೊತೆಗೆ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಅವಮಾನಕ್ಕೆ ಮಾತೇ ಬಿಟ್ಟರು.

ಆಗ ಪಕ್ಕದ ಮನೆಯ ಶಿವಣ್ಣ ಬಂದ. ತಮ್ಮನ ಮೇಲೆ ಜಮೀನಿನ ಕೇಸು ಹಾಕಲೋ ಬೇಡವೋ ಅಂತ ಕೇಳಿದ. ಈಶ್ವರಪ್ಪ, ತಾಳು ಮಾರಾಯ, ನೀರು ಕುಡಿದು ಹೇಳುತ್ತೇನೆ ಅನ್ನುವುದಕ್ಕೆ ಅಂಗೈ ಎತ್ತಿದರು. ಶಿವಣ್ಣ ಆ ಅಂಗೈಯನ್ನೇ ನೋಡುತ್ತಾ ನಿಂತ. ತಾಳು ಅಂದರು, ಅಂತ ಹೊರಟೇ ಹೋದ. ಮೂರೇ ದಿನಕ್ಕೆ ತಮ್ಮ ತಾನಾಗಿಯೇ ಬಂದು ರಾಜಿಯಾದ. ಶಿವಣ್ಣ ಊರೆಲ್ಲ ಹೇಳಿಕೊಂಡು ಬಂದ: ಈಶ್ವರಪ್ಪ ಸಾಮಾನ್ಯರಲ್ಲ, ಮೌನವ್ರತ ಹಿಡಿದಿದ್ದಾರೆ.

"ಈಗ ಸೋಮವಾರ ಸೋಮವಾರ ಜನ ಬತ್ತಾರೆ ಸಾಬ್ರೇ. ಶಿವಣ್ಣನೇ ಚೀಟಿ ಕೊಡ್ತಾನೆ. ಇವತ್ತೂ ಕೂತವ್ರೆ. ನಾನು ಹೂವ ತತ್ತೀನಿ ಅಂತ ಸುಳ್ಳು ಹೇಳಿ ಬಂದೆ."

ಒಳಗಿನಿಂದ ಶ್ರುತಿ ಮೇಡಂ ಬಂದು ನಿಂತಿದ್ದರು. ಅವರು ನಗಲಿಲ್ಲ. "ಅಜ್ಜಿ, ಅವರು ನೀರು ಜಾಸ್ತಿ ಕುಡೀತಾರಾ?"

"ಬಿಂದಿಗೆಗಟ್ಲೆ ಕುಡೀತಾರವ್ವ. ಗಂಗೆನ ಒಳಗೆ ತಗಂತವ್ರೆ ಅಂತಾರೆ ಜನ."

"ಒಂದಕ್ಕೆ ಪದೇ ಪದೇ ಹೋಗ್ತಾರಾ?"

"ಅರ್ಧ ಗಂಟೆಗೊಂದಪ ಹಿತ್ಲಿಗೆ ಹೋಗ್ತಾರೆ. ಅನುಷ್ಠಾನಕ್ಕೆ ಹೋಗವ್ರೆ, ಯಾರೂ ಮಾತಾಡಿಸ್ಬ್ಯಾಡಿ ಅಂತ ಶಿವಣ್ಣ ಹೇಳ್ತಾನೆ."

"ಸಣ್ಣ ಆಗಿದಾರಾ?"

"ಪಂಚೆ ನಿಲ್ಲಾಕಿಲ್ಲ. ತಪಸ್ಸು ಅಂತವ್ರೆ."

"ಬಂದೋರು ಏನು ಕೊಡ್ತಾರೆ ತಿನ್ನೋಕೆ?"

"ಬಾಳೆಹಣ್ಣು, ಸಕ್ರೆ, ರಸಾಯನ. ಅವ್ರಿಗೆ ಪಾನಕ ಅಂದ್ರೆ ಇಷ್ಟ. ಒಣಗಿದ ಬಾಯಿಗೆ ಹಿತ ಅಲ್ವ? ದಿನಾ ಒಂದು ಕೊಳಗ ಕುಡೀತಾರೆ." ಇಷ್ಟು ಹೇಳುವಷ್ಟರಲ್ಲಿ ಗಂಗಮ್ಮನ ಮುಖ ಬಾಡಿತು. "ಎರಡು ದಿನದಿಂದ ಮಾತ್ರ ಸುಮ್ನೆ ತೂಕಡಿಸ್ತಾ ಕುಂತ್ಕತಾರೆ. ಧ್ಯಾನ ಅಂತಾರೆ. ನಂಗ್ಯಾಕೋ ಹೆದ್ರಿಕೆ ಆಗ್ತದೆ."

ಮೇಡಂ ಗ್ಲೌಸ್ ಕಿತ್ತು ಬುಟ್ಟಿಗೆ ಎಸೆದರು. "ಅಂಕಲ್, ಕ್ಲಿನಿಕ್ ಮುಚ್ಚಿ. ಸಕ್ಕರೆ ನೋಡೋ ಮಿಷನ್ ತಗೊಳ್ಳಿ."

ಗಂಗಮ್ಮನನ್ನೂ ಕೂರಿಸಿಕೊಂಡು ಮೇಡಂ ಕಾರಿನಲ್ಲಿ ಹೊರಟೆವು. ಹಿರೇನಲ್ಲೂರಿಗೆ ಹೋಗುವಾಗ ಮಧ್ಯಾಹ್ನದ ಬಿಸಿಲು. ಈಶ್ವರಪ್ಪನವರ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ನಲವತ್ತು ಐವತ್ತು ಜನ. ಬಾಗಿಲಲ್ಲಿ ಶಿವಣ್ಣ ಚೀಟಿ ಹಿಡಿದು ನಿಂತಿದ್ದ. ಮೇಡಂ ನುಗ್ಗಲು ಹೋದರೆ ಕೈ ಅಡ್ಡ ಹಿಡಿದ.

"ಸಾಲಲ್ಲಿ ಬನ್ನಿ ತಾಯಿ. ಇಲ್ಲಿ ದೊಡ್ಡೋರು ಚಿಕ್ಕೋರು ಅಂತಿಲ್ಲ."

"ನಾನು ಡಾಕ್ಟರ್."

"ಡಾಕ್ಟ್ರಿಗೂ ಕಷ್ಟ ಇರ್ತದೆ ತಾಯಿ. ಇಪ್ಪತ್ತೇಳು ನಿಮ್ದು."

ಅಷ್ಟರಲ್ಲಿ ಒಳಗೆ ಹೋಗಿದ್ದ ಗಂಗಮ್ಮ ನಮ್ಮನ್ನು ಹಿತ್ತಿಲ ಬಾಗಿಲಿಗೆ ಕರೆದರು. ಈಶ್ವರಪ್ಪ ನಡುಮನೆಯಲ್ಲಿ ಹುಲಿಚರ್ಮದ ಚಿತ್ರ ಇರುವ ಪ್ಲಾಸ್ಟಿಕ್ ಚಾಪೆಯ ಮೇಲೆ ಕೂತಿದ್ದರು. ನಾನು ಸೆಟ್ಟು ಮಾಡಿದ ಆ ದುಂಡು ಮುಖ ಎಲ್ಲೂ ಇರಲಿಲ್ಲ. ಕಣ್ಣು ಅರ್ಧ ಮುಚ್ಚಿತ್ತು. ತುಟಿ ಒಡೆದು ಸಿಪ್ಪೆ ಎದ್ದಿತ್ತು. ಪಕ್ಕದಲ್ಲಿ ಪಾನಕದ ತಂಬಿಗೆ. ಎದುರಿಗೆ ಒಬ್ಬಳು ಹೆಂಗಸು, ಎಮ್ಮೆ ಮಾರಬಹುದೋ ಬಾರದೋ ಅಂತ ಕೇಳಿ ಕಾಯುತ್ತಿದ್ದಳು.

ಮೇಡಂ ಅವರ ಮುಂದೆ ಮಂಡಿಯೂರಿ, "ಬಾಯಿ ತೆಗೀರಿ" ಅಂದರು.

ಜನ ಉಸಿರು ಬಿಗಿಹಿಡಿದರು. ಸ್ವಾಮಿಗಳಿಗೆ ಬಾಯಿ ತೆಗೆ ಅನ್ನುವುದೇ! ಈಶ್ವರಪ್ಪ ಮಗುವಿನ ಹಾಗೆ ಬಾಯಿ ತೆರೆದರು. ನಾಲಿಗೆ ಬಿಸಿಲಿಗೆ ಬಿರಿದ ಕೆರೆಯಂಗಳದ ಹಾಗೆ ಸೀಳು ಸೀಳಾಗಿತ್ತು. ಅಂಗುಳದ ತುಂಬ ಬಿಳೀ ಬೂಸ್ಟು. ಮೇಡಂ ಕನ್ನಡಿಯನ್ನು ಕೆನ್ನೆಗೆ ಒತ್ತಿ ಎಳೆದರು. ಅಂಟಿಕೊಂಡಿತು. ಇನ್ನೊಮ್ಮೆ ಎಳೆದರು. ಬರಲಿಲ್ಲ.

ಹಿಂದಿನಿಂದ ಯಾರೋ ಕೈಮುಗಿದು, "ನೋಡ್ರಪ್ಪಾ ಆಕರ್ಷಣೆ! ಡಾಕ್ಟ್ರಮ್ಮನ ಕನ್ನಡಿನೇ ಬುಡ್ತಿಲ್ಲ!" ಅಂದರು.

ನಾನು ಅವರ ಬೆರಳಿಗೆ ಸೂಜಿ ಚುಚ್ಚಲು ಸಹಾಯ ಮಾಡಿದೆ. ಒಂದು ಹನಿ ರಕ್ತ ಪಟ್ಟಿಗೆ ತಾಗಿಸಿ ಮಿಷನ್ನಿಗೆ ಹಾಕಿದರು. ಸಕ್ಕರೆ ಇಷ್ಟು ಅಂತ ಅಂಕಿ ಬರಬೇಕಾದ ಜಾಗದಲ್ಲಿ ಎಚ್ ಮತ್ತು ಐ ಅನ್ನುವ ಎರಡು ಇಂಗ್ಲಿಷ್ ಅಕ್ಷರ ಬಂತು. ಅಂದರೆ, ತನ್ನ ಅಳತೆಗೂ ಮೀರಿ ಮೇಲೆ ಹೋಗಿದೆ ಅಂತ ಮಿಷನ್ ಕೈಚೆಲ್ಲಿತ್ತು. ಶಿವಣ್ಣ ಬಗ್ಗಿ, ಕೂಡಿಸಿ ಓದಿದ. ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ:

"ಹಾಯ್ ಅಂತ ಬಂದೈತೆ! ಮಿಷನ್ನೂ ಸ್ವಾಮ್ಯಾರಿಗೆ ನಮಸ್ಕಾರ ಹೇಳ್ತು!"

ಶಾಮಿಯಾನದಲ್ಲಿ ಚಪ್ಪಾಳೆ ಬಿತ್ತು. ಆ ಚಪ್ಪಾಳೆಯ ನಡುವೆ ಈಶ್ವರಪ್ಪ ಮೆಲ್ಲಗೆ ಪಕ್ಕಕ್ಕೆ ವಾಲಿ, ಎಮ್ಮೆಯ ಹೆಂಗಸಿನ ತೊಡೆಯ ಮೇಲೆ ತಲೆಯಿಟ್ಟರು.

"ಎತ್ಕೊಳ್ಳಿ, ಈಗ್ಲೇ ಆಸ್ಪತ್ರೆಗೆ ಹೋಗ್ಬೇಕು" ಅಂತ ಮೇಡಂ ಕೂಗಿದರು. ನಾನು ಕಾಲು ಹಿಡಿದೆ, ಮಗ ತಲೆ ಹಿಡಿದ. ಶಿವಣ್ಣ ಬಾಗಿಲಿಗೆ ಅಡ್ಡ ನಿಂತ. ಅವನ ಕಣ್ಣಲ್ಲಿ ನಿಜವಾಗಿ ನೀರಿತ್ತು. "ಸಮಾಧಿಗೆ ಹೋಗವ್ರೆ ಸಾಬ್ರೇ, ಮುಟ್ಬ್ಯಾಡಿ. ಎಚ್ಚರ ಮಾಡಿದ್ರೆ ಊರಿಗೇ ಒಳ್ಳೇದಲ್ಲ" ಅಂದ. ಅವನ ಹಿಂದೆ ಹತ್ತು ಜನ ನಿಂತರು. ಯಾರೂ ಕೆಟ್ಟವರಲ್ಲ. ಎಲ್ಲರೂ ಕೈಮುಗಿದುಕೊಂಡೇ ದಾರಿ ಕಟ್ಟಿದ್ದರು.

ಆಗ ಗಂಗಮ್ಮ ಪಾನಕದ ತಂಬಿಗೆ ಎತ್ತಿ ನೆಲಕ್ಕೆ ಬಡಿದರು. ನಾಲ್ಕು ತಿಂಗಳು ಮನೆಯಲ್ಲಿ ಪಿಸುಮಾತಿನಲ್ಲೇ ಬದುಕಿದ ಹೆಂಗಸು. "ನನ್ ಗಂಡ ಕಣ್ರೋ ಅವ್ನು! ನಿಮ್ ಸ್ವಾಮಿ ಅಲ್ಲ! ಹಲ್ಲು ಬಿದ್ದದ್ದಕ್ಕೆ ನಾಚ್ಕೊಂಡು ಮಾತು ಬುಟ್ಟ, ಅಷ್ಟೇ! ನೀವು ಬಾಯಿ ಮುಚ್ಕೊಂಡಿರೋನ್ನ ಪೂಜೆ ಮಾಡಿ ಸಾಯಿಸ್ತಾ ಇದೀರಿ! ದಾರಿ ಬುಡ್ಲಾ ಶಿವಣ್ಣ!"

ಶಿವಣ್ಣ ದಾರಿ ಬಿಟ್ಟ. ಬಿಟ್ಟಿದ್ದಲ್ಲದೆ, ಓಡಿಬಂದು ಸೊಂಟಕ್ಕೆ ಕೈಕೊಟ್ಟು ತಾನೂ ಎತ್ತಿದ. ಕಾರಿನ ಹಿಂದಿನ ಸೀಟಿನಲ್ಲಿ ಹಿಡಿಸದೆ ಅವರ ಕಾಲು ನನ್ನ ತೊಡೆಯ ಮೇಲೆ ಬಂದವು. ಕಡೂರು ತಲುಪುವವರೆಗೂ ಗಂಗಮ್ಮ ಒಂದೇ ಸಮನೆ ಅವರ ಕೆನ್ನೆ ತಟ್ಟುತ್ತಾ, "ಏನಾದ್ರೂ ಅನ್ನಿ, ಬೈಯ್ರಿ, ಬೈಯ್ರಿ ನನ್ನ" ಅನ್ನುತ್ತಿದ್ದರು.

ಡ್ರಿಪ್ಪು, ಇನ್ಸುಲಿನ್ನು, ಎಂಟು ದಿನ. ಇನ್ನೊಂದು ದಿನ ತಡವಾಗಿದ್ದರೆ ನಮ್ಮ ಕೈ ಮೀರಿರುತ್ತಿತ್ತು ಅಂತ ಅಲ್ಲಿನ ಡಾಕ್ಟರು ಹೇಳಿದರು. ಸಕ್ಕರೆ ಕಾಯಿಲೆ ಯಾವಾಗಿನಿಂದಲೋ ಒಳಗೆ ಕೂತಿತ್ತು. ಬಾಯಿ ಅದನ್ನು ನಾಲ್ಕು ತಿಂಗಳಿಂದ ಹೇಳುತ್ತಲೇ ಇತ್ತು. ನಾನು ಮಾಡಿದ ಸೆಟ್ಟು ಸಭೆಯಲ್ಲಿ ಹಾರಿದ ದಿನವೇ ಅವರು ನನ್ನ ಹತ್ತಿರ ಬಂದಿದ್ದರೆ ನಾನು ಏನು ಮಾಡುತ್ತಿದ್ದೆ? ಮೇಡಂ ಬರುವ ಮೊದಲಿನ ಖಾದರ್ ಆಗಿದ್ದರೆ ಅರ ತೆಗೆದುಕೊಂಡು ಉಜ್ಜಿ ಕಳಿಸುತ್ತಿದ್ದ. ಇದನ್ನು ನೆನೆದರೆ ಈಗಲೂ ಊಟ ರುಚಿಸುವುದಿಲ್ಲ.

ಸಕ್ಕರೆ ಹಿಡಿತಕ್ಕೆ ಬಂದ ಮೇಲೆ ಬಾಯಿಯ ಬೂಸ್ಟಿಗೆ ಔಷಧಿ ಹಾಕಿದರು. ಎರಡು ತಿಂಗಳಿಗೆ ಕನ್ನಡಿ ಕೆನ್ನೆಯ ಮೇಲೆ ಜಾರಿತು. ತೂಕ ಇಳಿದು ವಸಡು ಸವೆದಿದ್ದರಿಂದ ಹಳೆಯ ಸೆಟ್ಟು ಕೂರುತ್ತಿರಲಿಲ್ಲ, ಹೊಸದು ಮಾಡಿದೆ. ಅದನ್ನು ಹಾಕಲು ನಾನೇ ಅವರ ಮನೆಗೆ ಹೋದೆ. ರಾತ್ರಿ ತೆಗೆದು ನೀರಿನಲ್ಲಿಡಬೇಕು, ದಿನಾ ತಿಕ್ಕಿ ತೊಳೆಯಬೇಕು, ಗುಟುಕು ಗುಟುಕಾಗಿ ನೀರು ಕುಡಿಯುತ್ತಿರಬೇಕು ಅಂತ ಹೇಳಿ ಕೂರಿಸಿದೆ. ಗಂಗಮ್ಮ ಮುದ್ದೆ, ಸೊಪ್ಪಿನ ಸಾರು ಬಡಿಸಿದರು. ಈಶ್ವರಪ್ಪ ಒಂದು ತುತ್ತು ನುಂಗಿದರು. ನಾವೆಲ್ಲ ಅವರ ಬಾಯನ್ನೇ ನೋಡುತ್ತಿದ್ದೆವು. ಆರು ತಿಂಗಳ ಮೇಲೆ ಆ ಮನೆಯಲ್ಲಿ ಅವರ ಧ್ವನಿ ಕೇಳಿತು.

"ಉಪ್ಪು ಕಮ್ಮಿ ಆಗೈತೆ ಕಣೇ."

ಗಂಗಮ್ಮ ಒಳಗೆ ಹೋಗಿ ಉಪ್ಪಿನ ಡಬ್ಬಿ ತಂದು ಅವರ ಮುಂದೆ ಕುಕ್ಕಿದರು. ಆಮೇಲೆ ಅಲ್ಲೇ ಗೋಡೆಗೆ ಒರಗಿ ಕೂತು ಅತ್ತರು. ಅಳುತ್ತಲೇ, ಹಾಕಿದ್ದು ಸರಿಯಾಗೇ ಇದೆ ಅಂತ ಜಗಳಕ್ಕೂ ನಿಂತರು.

ಅದಾದ ಮೇಲೆ ಈಶ್ವರಪ್ಪನವರನ್ನು ಹಿಡಿಯುವವರೇ ಇರಲಿಲ್ಲ. ಆರು ತಿಂಗಳ ಮಾತು ಒಳಗೆ ಉಳಿದಿತ್ತಲ್ಲ. ಆದರೂ ಸೋಮವಾರ ಜನ ಬರುತ್ತಿದ್ದರು. ಎಮ್ಮೆಯ ಹೆಂಗಸು ಮತ್ತೆ ಬಂದಾಗ, ಎಮ್ಮೆಯ ತಳಿ, ಅದರ ಹಲ್ಲು, ಅದರ ತಾಯಿ, ಇವಳ ಗಂಡನ ತಿಳಿಗೇಡಿತನ, ಎಲ್ಲದರ ಮೇಲೂ ಮಾತಾಡಿ ಅವಳ ಎರಡು ಬಸ್ಸು ತಪ್ಪಿಸಿದರಂತೆ. ಮುಂದಿನ ವಾರ ಮೂರೇ ಜನ ಬಂದರು. ಅದರ ಮುಂದಿನ ವಾರ ಶಿವಣ್ಣನೊಬ್ಬನೇ. ಅವನು ದಾರಿಯಲ್ಲಿ ಸಿಕ್ಕಾಗ ನನ್ನ ಕೈ ಹಿಡಿದು, "ಎಂಥಾ ಸ್ವಾಮ್ಯಾರನ್ನ ಕೆಡಿಸ್ಬುಟ್ರಿ ಸಾಬ್ರೇ" ಅಂದ.

ಕಳೆದ ವರ್ಷ, ನನ್ನ ಕೆಲಸದ ಕೊನೆಯ ತಿಂಗಳಲ್ಲಿ, ಈಶ್ವರಪ್ಪನವರ ಸೆಟ್ಟು ನೋಡಿ ಬರಲು ಹೋಗಿದ್ದೆ. ಸೆಟ್ಟು ಗಟ್ಟಿಯಾಗಿತ್ತು, ಸಕ್ಕರೆಯೂ ಹದದಲ್ಲಿತ್ತು. ಹೊರಡುವಾಗ ಜಗಲಿಯವರೆಗೆ ಬಂದು, ಯಾರೂ ಇಲ್ಲದ್ದು ನೋಡಿ, ನನ್ನ ತೋಳು ಹಿಡಿದರು.

"ಸಾಬ್ರೇ, ಒಂದು ಮಾತು ಕೇಳ್ಲಾ? ಮಂಡೀಲಿ ನಲವತ್ತು ವರ್ಷ ಕೂಗ್ದೆ, ಒಬ್ಬನೂ ನನ್ನ ಮಾತಿಗೆ ಬೆಲೆ ಕೊಡ್ಲಿಲ್ಲ, ರೇಟು ಕೇಳ್ಕೊಂಡು ಹೋಗೋರು. ಸುಮ್ನೆ ಕೂತಿದ್ನಲ್ಲ, ಆ ನಾಲ್ಕು ತಿಂಗ್ಳು, ಜನ ನನ್ನ ಮುಂದೆ ಕೂತು ತಮ್ಮ ಕಷ್ಟ ಹೇಳ್ಕೊಂಡ್ರು. ಹಗುರಾಗಿ ಎದ್ದು ಹೋದ್ರು. ಸುಳ್ಳು ಹೇಳಾಕಿಲ್ಲ, ನಂಗೂ ಚೆನ್ನಾಗಿತ್ತು." ನನ್ನನ್ನು ಇನ್ನೂ ಹತ್ತಿರ ಎಳೆದುಕೊಂಡರು. "ಸಿಹಿ ಮುಟ್ಟಾಕಿಲ್ಲ, ಪಾನಕ ಮುಟ್ಟಾಕಿಲ್ಲ. ವಾರದಾಗೆ ಒಂದೇ ಒಂದು ದಿನ, ಸೋಮವಾರ, ಸೆಟ್ಟು ತೆಗ್ದಿಟ್ಟು ಸುಮ್ನೆ ಕುಂತ್ಕಂಡ್ರೆ ಏನಾದ್ರೂ ತೊಂದ್ರೆ ಐತಾ?"

ನಾನು ಹಲ್ಲಿನವನು. ಮೇಡಂ ಅವರನ್ನು ಕೇಳಿ ಹೇಳುತ್ತೇನೆ ಅನ್ನಲು ಬಾಯಿ ತೆರೆದೆ.

ಅಷ್ಟರಲ್ಲಿ ಅಡುಗೆಮನೆಯಿಂದ ಗಂಗಮ್ಮನ ಧ್ವನಿ ಬಂತು. "ಕುಂತ್ಕಳ್ಳಿ ಅನ್ನಿ ಸಾಬ್ರೇ! ವಾರಕ್ಕೆ ಒಂದಿನ ನನ್ನ ಕಿವೀಗೂ ರಜ ಸಿಗ್ತದೆ!"